ಹಾಜರಿ

ವಾಡಿ ಜಂಕ್ಷನ್ನಿನ್ಯಾಗ ನನ್ನ ಶಾಲಿಗೆ ಗೋಡಿ ಇಲ್ಲ.
ಅವ್ವ ಭಜಿ ಕರಿಯೋ ಗಾಡಿ ಹಿಂದ,
ಸಿಮೆಂಟ್ ಧೂಳು ಕೂತ ತಟ್ಟಿ ಪಕ್ಕ
ಒಂದು ಸ್ಟೂಲು, ಅದರ ಮ್ಯಾಲ ಫೋನು,
ಫೋನಿಗೆ ಆಸರಾಗಿ ಕಡಲಿ ಹಿಟ್ಟಿನ ಡಬ್ಬಿ.
ಗಂಟಿ ಯಾರೂ ಬಾರಿಸಂಗಿಲ್ಲ.
ನಾ ಕೂತಾಗ ಶಾಲಿ ಸುರು.

ಮಹಾನಂದಾ ಮೇಡಂ ಇವತ್ತಿನ ಪಾಠ
ಎಂದೋ ಹೇಳಿಟ್ಟಾರ.
ಗೂಡ್ಸ್ ಗಾಡಿ ಬಂತಂದ್ರ ನಾ ಅವರನ್ನ ನಿಲ್ಲಿಸ್ತೀನಿ:
ಅರ್ಧ ತೆರದ ಬಾಯಿ,
ಗಾಳ್ಯಾಗ ನಿಂತ ಬೆರಳು,
"ತ್ರಿಕೋನ" ಅನ್ನೋ ಮಾತು "ತ್ರಿ"ದಾಗ ಸಿಕ್ಕೊಂಡು.
ಪಾಪ, ಅನಿಸ್ತದ.
ಹಂಗ ಸಿಕ್ಕೊಳ್ಳೋದು ಹೆಂಗಿರ್ತದಂತ
ನನಗಿಂತ ಚಲೋ ಯಾರಿಗೆ ಗೊತ್ತು?

ನನ್ನ ಹೆಸರು ದಾಕ್ಷಾಯಣಿ.
ಬರಿಯೋದು ಸಲೀಸು, ನೋಡ್ರಿ, ಒಂದೇ ಉಸಿರಿನ್ಯಾಗ ಬರದೆ.
ಊರ ಶಾಲಿಗೆ ಹೊಸ ಮಾಸ್ತರರು ಬಂದು ಹೆಸರು ಕೇಳಿದಾಗ
"ದಾ" ಬಂದು ಹೊಸ್ತಿಲದಾಗ ನಿಂತಿತ್ತು,
"ಕ್ಷಾ" ಒಳಗ ಚಿಲಕ ಹಾಕ್ಕೊಂಡು ಕೂತಿತ್ತು.
ಹಿಂದಿನ ಬೆಂಚಿನವರು ಹೆಸರಿಟ್ಟರು: ದಾದಾ.
"ದಾದಾ ಬಂದಾಳ, ಹಫ್ತಾ ಕೊಡ್ರಲೇ."
ನಗಿ ಮಾಸ್ತರರ ಮೀಸಿಗೂ ಹತ್ತಿತು.
ಶಮ್ಶಾದ್ ಒಬ್ಬಾಕಿ ನಗಲಿಲ್ಲ;
ನನ್ನ ಮಾತು ತಾನೇ ಮುಗಿಸಿ ಕೊಡ್ತಿದ್ದಳು,
ಪ್ರೀತಿಲೆ, ಖರೇ.
ಆದರ ಅಕಿ ಮುಗಿಸಿದ್ದು
ನಾ ಹೇಳಬೇಕಂದಿದ್ದಲ್ಲ.
ಒಂಬತ್ತನೇ ಇಯತ್ತೆ ನಡುವ ಬಿಟ್ಟೆ.

ಈ ಶಾಲಿಗೆ ಅವಸರ ಇಲ್ಲ.
ಲೆಕ್ಕ ನನಗ ಬರ್ತದಂತ ಅದಕ್ಕ ತಾನೇ ತಿಳೀತು,
ಕೈ ಹಿಡದು ಹತ್ತನೆಯದಕ್ಕ ಕರಕೊಂಡು ಹೋತು.
ಇಂಗ್ಲಿಷ್ ಬರಂಗಿಲ್ಲಂತಲೂ ತಿಳೀತು,
ಐದನೆಯದಕ್ಕ ತಂದು ಕೂಡಿಸ್ತು,
ಯಾರಿಗೂ ಹೇಳಲಿಲ್ಲ.
ಮೇ ತಿಂಗಳದಾಗ ಪತ್ರಾ ಕಾದು, ಫೋನೂ ಕಾದು
ತಾನೇ ಆರಿ ಹೋತು;
ನಸುಕಿನ ನಾಕಕ್ಕ ಕೂತೆ.
ಅವ್ವನ ಮೆಣಸಿನಕಾಯಿ ಸೀಳಿಕೋತ
ಬಹಮನಿ ಸುಲ್ತಾನರನ್ನ ಕೇಳಿದೆ,
ಕಣ್ಣು ಉರದಿದ್ದು ಇತಿಹಾಸಕ್ಕಲ್ಲ.
ಉತ್ತರ ಟೈಪ್ ಮಾಡಿ ಕಳಿಸ್ತಿದ್ದೆ.
ಬೆರಳು ಎಂದೂ ತೊದಲಲಿಲ್ಲ.

ಏಳು ತಿಂಗಳು.
ಒಂದಿನ ಲೆಕ್ಕ ಹಾಕಿದೆ:
ಗಿರಾಕಿಗೆ "ಹತ್ತು ರೂಪಾಯಿ" ಅಂದಿದ್ದು ಬಿಟ್ಟು
ನಾ ಆಡಿದ ಮಾತು ಎಷ್ಟು?
ಪ್ಲಾಟ್‌ಫಾರ್ಮಿನ ಹೆಣ್ಣುದನಿ ಮೂರು ಭಾಷಾದಾಗ
ಒಂದಕ್ಷರ ತಪ್ಪಲಾರದ ಮಾತಾಡ್ತದ.
ಅದೂ ಯಾರ ಜೋಡಿನೂ ಮಾತಾಡಂಗಿಲ್ಲ.

ನಿನ್ನೆ ಮೌಖಿಕ ಪರೀಕ್ಷಾ.
ಮೇಡಂ ಈ ಸಲ ಖುದ್ದು ಬಂದಿದ್ದರು;
ಬೆನ್ನ ಹಿಂದ ಅವರ ಮನಿ ಕ್ಯಾಲೆಂಡರು,
ಎಲ್ಲೋ ಒಳಗ ಕುಕ್ಕರಿನ ಸೀಟಿ.
"ಮೊದಲ ಹೆಸರು ಹೇಳವ್ವ."
ದಾ.
ದಾ.
ಅಷ್ಟರಾಗ ಗೂಡ್ಸ್ ಗಾಡಿ.
ಎಣಸೋದು ನನಗ ಚಟ: ಐವತ್ತೆಂಟು ವ್ಯಾಗನ್,
ಕಲ್ಲಿದ್ದಲು, ಕಲ್ಲಿದ್ದಲು, ಕಲ್ಲಿದ್ದಲು.
ಗಾರ್ಡನ ಕೆಂಪು ದೀಪ ದಾಟಿದ ಮ್ಯಾಲ ನೋಡ್ತೀನಿ,
ಮೇಡಂ ಹಂಗೇ ಅದಾರ,
ಗದ್ದಕ್ಕ ಕೈ ಕೊಟ್ಟು, ಅಲುಗಲಾರದ.
ನೆಟ್ ಹೋತು, ಅಂದ್ಕೊಂಡೆ.
ಒಂದ್ನಮೂನಿ ಆರಾಮೂ ಅನಿಸ್ತು.
ಫೋನ್ ಎತ್ತಿ ಆ ಕಡಿ ಈ ಕಡಿ ಹಿಡದೆ.

ಅವರು ರೆಪ್ಪಿ ಬಡದರು.

ನೆಟ್ ಹೋಗಿದ್ದಿಲ್ಲ.
ಐವತ್ತೆಂಟು ವ್ಯಾಗನ್ ದಾಟೋ ತನಕ
ಒಬ್ಬರು ನನ್ನ "ಕ್ಷಾ"ಕ್ಕ ಕಾದಿದ್ದರು,
ಮುಗಿಸಿ ಕೊಡಲಾರದ.

ಕುಕ್ಕರ್ ಮತ್ತ ಕೂಗಿತು.
ಅವರು ಎದ್ದು ಹೋಗಲಿಲ್ಲ.
ಈ ಕಡಿ ಅವ್ವ ಎಣ್ಣ್ಯಾಗ ಭಜಿ ಬಿಟ್ಟಳು, ಚುರ್ ಅಂತು.
ನಾ ಬಾಯಿ ತೆರದೆ,
ಮತ್ತ ಮೊದಲಿಂದ.