ವಾರ ಕರಗಿದ ರಾತ್ರಿ

ಮಂಗಳವಾರ ನನ್ನ ವೀಕ್ಲಿ ಆಫ್.
ಆಫ್ ಅನ್ನೂದು ಹೆಸರಿಗೆ, ಕಾಲು ಬಸ್ಸಿನ್ಯಾಗ ಇರೂದಿಲ್ಲ ಅಷ್ಟ.
ನಸಿಕಿನ್ಯಾಗ ಮಡಕಿಕಾಳಿನ ಗಂಟು ಬಿಚ್ಚಿದ್ರ
ಬಿಳಿ ಮೊಳಕಿ ಅರಿವಿ ತೂರಿ ಹೊರಗ ಬಂದಾವ,
ಸೀಟು ಸಿಗದ ಕಾಲೇಜ ಹುಡುಗ್ರು ಕಿಡಕ್ಯಾಗ ಇಣಿಕಿಧಾಂಗ.

ಒಂದೊಲಿ ಮ್ಯಾಲ ಪುಂಡಿಪಲ್ಲೆ, ಜ್ವಾಳದ ನುಚ್ಚು ಹಾಕಿ,
ಇನ್ನೊಂದರ ಮ್ಯಾಲ ಹೆಸರಬ್ಯಾಳಿ, ಮೆಂತೆ ಸೊಪ್ಪು.
ಎಣ್ಣಿ ಕೈ ಬಿಗಿಹಿಡದು:
ಮಾವಗ ಸಕ್ರಿ ಬ್ಯಾನಿ, ನನಗ ಬಿ.ಪಿ.,
ಮಾನಿಂಗಗ ಯಾವ ಬ್ಯಾನೀನೂ ಇಲ್ಲ,
ನಾಲಿಗಿ ಒಂದ ಐತಿ.

ಆರಬೇಕು, ಪೂರಾ ಆರಬೇಕು.
ಬಿಸೀದ ಮುಚ್ಚಿದ್ರ ಮುಚ್ಚಳ ಬೆವತು ಪಲ್ಲೆ ಹಳಸ್ತೈತಿ.
ಫ್ಯಾನಿನ ಕೆಳಗ ತಾಟು ಹಚ್ಚಿ
ಕಾಯ್ಕೊಂತ ಕುಂತೆ. ವಾರದಾಗ ಕುಂತದ್ದು ಅಷ್ಟ.

ಶ್ರೀಖಂಡದ ಖಾಲಿ ಡಬ್ಬಿ ಹನ್ನೆರಡು.
ಟಿಕೆಟ್ ರೋಲಿನ ಉಳದ ತುಂಡು ಹರದು
ಪೆನ್ನಿಲೆ ಬರದೆ:
ಬುಧವಾರ ಝುಣಕ. ಗುರುವಾರ ಮಡಕಿಕಾಳು. ಶುಕ್ರವಾರ...
ಅನ್ನದ ಅಗಳು ತಿಕ್ಕಿ ಅಂಟಿಸಿದೆ.
ಬರೂ ಆರು ದಿವಸಕ್ಕ ಇವತ್ತ ಟಿಕೆಟ್ ಕೊಟ್ಟೆ,
ಇಳಿಯೂ ಸ್ಟಾಪು ಬರದು.

“ಕೆಟ್ಟು ಹೋಗೂದಿಲ್ಲೇನವಾ?” ಮಾವ ಗ್ಯಾನಪ್ಪ ಕೇಳತಾರ
ಪ್ರತಿ ಮಂಗಳವಾರ, ಹೊಸದಾಗಿ.
ತಣ್ಣಗ ಇಟ್ಟದ್ದು ಹಾಂಗ ಇರತೈತ್ರಿ ಅಂತೀನಿ.
ಅವರು ಏನೂ ಅನ್ನೂದಿಲ್ಲ.
ಅವರ ಮನಿ, ಹಗೇವು, ಬೇವಿನ ಗಿಡ
ಇಪ್ಪತ್ತು ವರ್ಷ ಆತು ಹಿನ್ನೀರಿನ್ಯಾಗ ತಣ್ಣಗ ಅದಾವು.

ಗುರುವಾರ ಸಂಜಿಕ, ಪುಣೆದಿಂದ ಹೊಳ್ಳಿ ಬರೂ ಮುಂದ
ಸೊಲ್ಲಾಪುರ ಸ್ಟ್ಯಾಂಡಿನ್ಯಾಗ ಫೋನು.
ಅಲ್ಲೊಬ್ಬಾಕಿ, ಮೀಸಿ ಮೂಡಿದ ಮಗನ್ನ ತೊಡಿಮ್ಯಾಲ ಕುಂಡ್ರಿಸಿಕೊಂಡು
ಅರ್ಧಾ ಟಿಕೆಟ್ ಅಂತ ಜಗಳ ತಗದಾಳ,
ಇಲ್ಲಿ ನನ್ನ ದಾನು:
“ಅವ್ವಾ, ಟಿ.ಸಿ. ಸುಟ್ಟೈತಿ, ನಿನ್ನಿ ರಾತ್ರಿಂದ ಕರೆಂಟಿಲ್ಲ.
ಫ್ರಿಜ್ಜಿನ ಕೆಳಗ ನೀರ ನಿಂತೈತಿ.
ಚೀಟಿ ಎಲ್ಲಾ ಕಳಚಿ ಬಿದ್ದಾವು,
ಶನಿವಾರ ಯಾವದು ಸೋಮವಾರ ಯಾವದು ತಿಳೀವಲ್ದು.”

ಹತ್ತು ಡಬ್ಬಿ. ಲೆಕ್ಕ ನನಗ ಬಾಯಿಪಾಠ.
ಇನ್ನೂ ತಣ್ಣಗ ಅದಾವಂದ್ರ ಕೊತಕೊತ ಕುದಸು,
ಹೊಳ್ಳಿ ಇಡಾಕ ಬರೂದಿಲ್ಲ,
ಇವತ್ತ ಉಣಬೇಕು, ಓಣಿಗೆ ಹೇಳು ಅಂದೆ.
ಡ್ರೈವರ ಹಾರ್ನ್ ಹೊಡದ.

ಆಮ್ಯಾಲ ತಿಳೀತು:
ಕಂದೀಲು ಹಚ್ಚಿ ಕಟ್ಟಿಮ್ಯಾಲ ಕುಂತಿದ್ರಂತ ಎಲ್ಲಾರೂ.
ಕಾಶಿಬಾಯಿ ಬಿಸಿ ರೊಟ್ಟಿ ಬಡದು ತಂದಳಂತ.
ಶುಕ್ರವಾರ ಶಮಶಾದ ಚಾಚಿ ಮನಿಗೆ ಹೋತು,
ರವಿವಾರ ಎದರಮನಿ ಬಾಣಂತಿಗೆ,
ಮಾನಿಂಗ ಸಿಮೆಂಟ್ ಫ್ಯಾಕ್ಟರಿ ಶಿಫ್ಟಿಗೆ ಶನಿವಾರ ಕಟಗೊಂಡು ಹೋದ.
ಮಾವ ಮೂರು ಡಬ್ಬಿ ರುಚಿ ನೋಡಿ
“ಸೋಮವಾರ ಚೊಲೋ ಆಗೇತಿ” ಅಂದ್ರಂತ.

ನಾ ಮನಿ ಮುಟ್ಟಿದಾಗ ರಾತ್ರಿ ಒಂದು.
ಸೆಕ್ಟರಿಗೆ ಸೆಕ್ಟರ ಕತ್ತಲಿ.
ಮೊಬೈಲ್ ಬ್ಯಾಟರಿ ಹಿಡದು ನೋಡಿದ್ರ
ಮೋರಿ ಕಟ್ಟಿಮ್ಯಾಲ ಹನ್ನೊಂದು ಡಬ್ಬಿ ತೊಳದು ಬೋರಲ ಹಾಕ್ಯಾಳ ದಾನು,
ಆರು ದಿವಸ ಒಂದ ಸಾಲಿನ್ಯಾಗ, ಖಾಲಿ.
ಹನ್ನೆರಡನೇದು ನೆಟ್ಟಗ ಕುಂತೈತಿ, ವಜ್ಜಿ.
ಮ್ಯಾಲ ಟಿಕೆಟ್ ತುಂಡು, ಮಗಳ ಅಕ್ಷರ:
ಡಬ್ಬಿ ಖಾಲಿ ಹೊಳ್ಳಿಸಬಾರದಂತ ಚಾಚಿ ಹಾಕಿ ಕೊಟ್ಟಾಳ. ಅಜ್ಜಗ ಹೇಳಿಲ್ಲ.

ಶಾವಿಗಿ ಖೀರು. ಹಾಲು ಗಟ್ಟಿ, ಸಕ್ರಿ ಕೈ ಸಡ್ಲ,
ನಡಬರಕ ಒಂದ ದ್ರಾಕ್ಷಿ.
ಇಡೂಣಂದ್ರ ಫ್ರಿಜ್ಜಿಲ್ಲ.
ಖಾಕಿ ಅಂಗಿ ಮ್ಯಾಲ, ನಿಂತ ನಿಲುವಿನ್ಯಾಗ,
ಚಮಚಾ ಹುಡುಕಾಕ ಹೋಗಲಿಲ್ಲ.
ಒಳಗ ಮಾವ ಕೆಮ್ಮಿದ್ರು.
ಬ್ಯಾಟರಿ ಆರಿಸಿದೆ.