ಮೊದಲ ಗುಳ್ಳೆ

ರಾತ್ರಿ ಎರಡಕ್ಕೆ ಏಳನೇ ಸಾಲಿನ ಒತ್ತಡ ಇಳಿಯಿತು.
ಹೆಚ್ಚೇನಲ್ಲ, ಮುಳ್ಳು ಎರಡು ಗೆರೆ ಹಿಂದೆ ಸರಿಯಿತು,
ಸಂತೆಯಲ್ಲಿ ತಕ್ಕಡಿಯವನು
ಹೆಬ್ಬೆರಳು ಸಡಿಲಿಸಿದಷ್ಟು.

ಜೂನ್ ತಿಂಗಳು. ವಿಂಡ್‌ಹುಕ್‌ನ ಚಳಿ ಒಣ ಚಳಿ,
ತುಟಿ ಬಿರಿಯುತ್ತದೆ, ಇಬ್ಬನಿ ಬೀಳುವುದಿಲ್ಲ.
ಅಣೆಕಟ್ಟಿನ ಆಚೆ ನಾಯಿಯೊಂದು ಬೊಗಳಿ ಬೇಸತ್ತು ಸುಮ್ಮನಾಯಿತು.
ನಾನು ಕವಾಟ ತಿರುಗಿಸಿ, ನೀರು ಬಸಿದು,
ಗಾಳಿ ತುಂಬಿ
ಕಾದೆ.

ಇಲ್ಲಿಗೆ ಬರುವುದು ಯಾವ ನೀರೆಂದು ಎಲ್ಲರಿಗೂ ಗೊತ್ತು.
ನಿನ್ನೆ ಊರು ಮಿಂದದ್ದು, ತೊಳೆದದ್ದು, ಕೂತು ಎದ್ದದ್ದು.
ನಮಗೆ ನದಿಯಿಲ್ಲ; ಇದ್ದವು ಮರಳು ಹೊದ್ದು ಮಲಗಿವೆ.
ಹಾಗಾಗಿ ನಾವು ನಮ್ಮನ್ನೇ ಸೋಸಿ ಕುಡಿಯುತ್ತೇವೆ.
ಹೊಸಬರು ಮುಖ ಕಿವಿಚುತ್ತಾರೆ. ಒಂದು ವಾರ.
ಆಮೇಲೆ ಬಾಯಾರುತ್ತದೆ.

ಒಂದೊಂದು ಕೊಳವೆಯಲ್ಲೂ ಸಾವಿರ ಸಾವಿರ ಎಳೆ,
ಆಗಷ್ಟೇ ಒತ್ತಿದ ಶಾವಿಗೆಯ ಹಾಗೆ ಬೆಳ್ಳಗೆ, ಟೊಳ್ಳು.
ಎಳೆಯ ಮೈತುಂಬ ಕಣ್ಣಿಗೆ ಕಾಣದ ತೂತು.
ತೂತಿದ್ದರೇ ಅದು ಪೊರೆ.
ಆದರೆ ಅಷ್ಟರಲ್ಲಿ ಒಂದೇ ಒಂದು
ತನ್ನ ಅಳತೆ ಮರೆತು ಬಾಯಗಲಿಸಿದರೆ
ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಸಾಲುನಿಲ್ಲಬೇಕು.

ಪೊರೆಯೇ, ಈ ಊರನ್ನು ಪೊರೆ,
ಎಂದೆಲ್ಲ ನಾನು ಕೈಮುಗಿಯುವುದಿಲ್ಲ.
ಟಾರ್ಚು ಹುಡುಕುತ್ತೇನೆ, ಪಿನ್ನಿನ ಡಬ್ಬಿ ಹುಡುಕುತ್ತೇನೆ.
ಹಿರಿಯ ಗಾವಸೆಬ್ ನಿವೃತ್ತನಾಗುವ ಮುನ್ನ ಹೇಳಿದ್ದ:
ಸೋರುವ ಎಳೆಯನ್ನು ಗದರಿಸಬೇಡ,
ಕಾಯುತ್ತಿರು, ತಾನಾಗಿ ಬಾಯಿಬಿಡುತ್ತದೆ.

ನಾಳೆ ಗುರುವಾರ. ಅವ್ವನ ಸರದಿ.
ಆಸ್ಪತ್ರೆಯ ಯಂತ್ರದ ಪಕ್ಕೆಗೆ ನೇತುಹಾಕಿದ ಗಾಜಿನಂಥ ಕೊಳವೆ,
ಮೊಳಕ್ಕಿಂತ ಗಿಡ್ಡ. ಒಳಗೆ ಇದೇ ಶಾವಿಗೆ.
ಎಳೆಯೊಳಗೆ ಅವ್ವನ ರಕ್ತ, ಎಳೆಯಾಚೆ ನೀರು,
ಎದುರುಬದುರು ನಡೆಯುತ್ತವೆ, ಮುಟ್ಟುವುದಿಲ್ಲ,
ಮಾತುಬಿಟ್ಟ ನೆರೆಯವರು ಬೇಲಿಯ ಸಂದಿಯಲ್ಲಿ
ಸಕ್ಕರೆಯ ಬಟ್ಟಲು ದಾಟಿಸಿದ ಹಾಗೆ.
ನಾಲ್ಕು ಗಂಟೆ. ನೂರಿಪ್ಪತ್ತು ಲೀಟರು.
‘ಇದು ನಿನ್ನ ನೀರಾ?’ ಎಂದು ಪ್ರತಿಸಲ ಕೇಳುತ್ತಾಳೆ,
ನಾನು ಹೌದೆನ್ನುವವರೆಗೂ ತೋಳು ಚಾಚುವುದಿಲ್ಲ.

ಕುಡಿಯಲು ಮಾತ್ರ ಅವಳಿಗೆ ದಿನಕ್ಕೆ ಮೂರು ಲೋಟ.
ಉತ್ತರದ ಬಯಲಿನಲ್ಲಿ, ಹುಡುಗಿಯಾಗಿದ್ದಾಗ,
ಒಶಾನಾದ ಕೆಸರು ನೀರನ್ನು
ಲಂಗದ ಅಂಚಿನಲ್ಲಿ ಸೋಸಿ ಹೊಟ್ಟೆ ತುಂಬ ಕುಡಿದವಳು.
ಮೀನಿನ ಮರಿ ಬಟ್ಟೆಯಲ್ಲಿ ಉಳಿದರೆ ವಾಪಸ್ಸು ಬಿಡುತ್ತಿದ್ದಳಂತೆ.
ಈಗ ನಾನು ಊರಿಗೆಲ್ಲ ನೀರು ಮಾಡುತ್ತೇನೆ,
ಅವಳ ನಾಲಿಗೆಯ ಮೇಲೆ ಮಂಜುಗಡ್ಡೆಯ ಚೂರಿಡುತ್ತೇನೆ.
‘ನ್ದಪಂದುಲಾ’ ಎನ್ನುತ್ತಾಳೆ.
ನಮ್ಮ ಮಾತಿನಲ್ಲಿ ಅದು ಉಪಕಾರವಾಯಿತೆಂಬ ಮಾತು,
ನನ್ನ ಹೆಸರೂ ಹೌದು.
ಕರೆದಳೋ, ನೆನೆದಳೋ,
ಮೂವತ್ತನಾಲ್ಕು ವರ್ಷವಾಯಿತು, ತಿಳಿಯುವುದಿಲ್ಲ.

ಅಗೋ.
ಹನ್ನೊಂದನೇ ಕೊಳವೆ, ಅಂಚಿನಿಂದ ಸ್ವಲ್ಪ ಒಳಗೆ,
ಒಂದು ಗುಳ್ಳೆ. ಮತ್ತೊಂದು.
ಸಾಸಿವೆಗಿಂತ ಸಣ್ಣವು, ಒಂದರ ಹಿಂದೊಂದು,
ಅಂಗಡಿಗೆ ಕಳಿಸಿದ ಮಕ್ಕಳ ಹಾಗೆ ಅವಸರವಿಲ್ಲದೆ.
ಗುಳ್ಳೆ ಎದ್ದ ಕಡೆ ಉಸಿರು ಬಿಗಿಹಿಡಿದು ಪಿನ್ನು ಒತ್ತಿದೆ.
ಇನ್ನೊಂದು ತುದಿಯಲ್ಲೂ ಒತ್ತಿದೆ.
ಆ ಎಳೆ ಇನ್ನು ಯಾರಿಗೂ ನೀರು ಕೊಡುವುದಿಲ್ಲ.
ಎಷ್ಟು ವರ್ಷ ಕೊಟ್ಟಿತ್ತೋ, ಪುಸ್ತಕದಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಮತ್ತೆ ಗಾಳಿ. ಮತ್ತೆ ಕಾಯುವುದು.
ಮುಳ್ಳು ಅಲುಗಲಿಲ್ಲ.

ಬರೆದೆ: ಸಾಲು ಏಳು, ಕೊಳವೆ ಹನ್ನೊಂದು, ಎಳೆ ಒಂದು.
ಸಹಿ ಹಾಕಿ, ಬೆರಳಿಗೆ ಅಂಟಿದ ಅಂಟನ್ನು ಕೆರೆಯುತ್ತ ಹೊರಬಂದೆ.
ಐದೂವರೆಯ ಟ್ಯಾಕ್ಸಿಯಲ್ಲಿ ಆಗಲೇ ಮೂವರಿದ್ದರು, ಒತ್ತಿ ಕೂತೆ.
ಕಟುಟುರಾದಲ್ಲಿ ಒಂದೊಂದೇ ಅಡಿಗೆಮನೆಯ ದೀಪ ಹತ್ತುತ್ತಿತ್ತು.
ನಮ್ಮ ಮನೆಯಲ್ಲಿ ಅವ್ವ ಎದ್ದಿರುತ್ತಾಳೆ,
ನಲ್ಲಿಯ ಕೆಳಗೆ ಇವತ್ತಿನ ಮೊದಲ ಲೋಟ ಹಿಡಿದು,
ಮುಕ್ಕಾಲಿಗೇ ನಿಲ್ಲಿಸಿ,
ಉಳಿದ ಕಾಲು ಲೋಟವನ್ನು
ಸಂಜೆಯ ಲೆಕ್ಕಕ್ಕೆ ಸೇರಿಸುತ್ತಿರುತ್ತಾಳೆ.