ನಾಲ್ಕೂವರೆಯ ಕೊಳವೆ

ತೆಮೂಕೊದಲ್ಲಿ ಜನವರಿಯೆಂದರೆ ಸುಡುವ ಬೇಸಿಗೆ.
ಪ್ರಯೋಗಾಲಯದ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದೇನೆ,
ಮಾಕಿ ಹಣ್ಣಿನ ಸತ್ವ ಬೆಳಕಿಗೆ ಬೇಗ ಸಾಯುತ್ತದೆ.

ಮೊದಲು ನೇರಳೆ ದ್ರಾವಣ.
ಅದರ ಕಣಕಣದಲ್ಲೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನು,
ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ
ಸಿಕ್ಕವರ ಬಟ್ಟೆಯಂಚು ಹಿಡಿದೆಳೆಯುತ್ತದೆ.
ಹಣ್ಣಿನ ಸಾರ ಒಂದು ಹನಿ. ಕತ್ತಲಲ್ಲಿ ಮೂವತ್ತು ನಿಮಿಷ.
ಕಾರಿಡಾರಿನಲ್ಲಿ ನಿಂತು ಬ್ರೆಡ್ಡು ತಿಂದು ಮರಳಿದರೆ
ನೇರಳೆ ಹೋಗಿ ಒಣಹುಲ್ಲಿನ ಹಳದಿ.
ಯಾರೋ ಕೊಟ್ಟಿದ್ದಾರೆ.
ಎಷ್ಟು ಕೊಟ್ಟರು, ನಾವು ಅಳೆಯುವುದು ಅಷ್ಟೇ.

ಇವತ್ತು ಎರಡು ಮಾದರಿ.
ಸ್ಯಾಂಟಿಯಾಗೊ ಕಂಪನಿಯ ಕ್ಯಾಪ್ಸೂಲು,
ಡಬ್ಬಿಯ ಮೇಲೆ ನಗುವ ಮಾಪುಚೆ ಹೆಂಗಸಿನ ಚಿತ್ರ,
ಬೆಲೆ ಹದಿನೆಂಟು ಸಾವಿರ ಪೆಸೊ.
ಇನ್ನೊಂದು, ಎರ್ಸಿಲಿಯಾ ಕುರಿನ್ಯಾಂಕೊ
ಹಿಟ್ಟಿನ ಚೀಲದ ತುಂಡಿನಲ್ಲಿ ಗಂಟು ಕಟ್ಟಿ ತಂದ ಪುಡಿ.
ಇವಳೂ ಮಾಪುಚೆಯೇ. ನಗುವವಳಲ್ಲ.
ಬಸ್ಸಿನಲ್ಲಿ ಮೂರು ಗಂಟೆ ಕೂತು ಬಂದವಳು,
ಉಗುರ ಸಂದಿಯಲ್ಲಿ ಇನ್ನೂ ಹಣ್ಣಿನ ಮಸಿ.
“ನನ್ನದರಲ್ಲಿ ಸತ್ವ ಕಮ್ಮಿಯಂತೆ, ಕೊಳ್ಳುವವನ ಮಾತು.
ನೀನು ನೋಡು.”

ಫೋಲಿನ್ ಹಾಕಿದೆ. ಎರಡೂ ನೀಲಿ,
ಕ್ಯಾಪ್ಸೂಲಿನದು ಇನ್ನಷ್ಟು ನೀಲಿ.
ನಂಬಲಿಲ್ಲ. ಸಕ್ಕರೆಯೋ, ವಿಟಮಿನ್ ಸಿ ಪುಡಿಯೋ,
ಯಾರು ಕರೆದರೂ ಓಗೊಡುವ ದ್ರಾವಣ ಅದು.

ಆಮೇಲೆ ಆಮ್ಲ.
ಪಿಎಚ್ ಒಂದರ ಕೊಳವೆಗಳಲ್ಲಿ ಎರಡೂ ಕೆಂಪು,
ಅವಳಿಜವಳಿ, ಗುರುತು ಸಿಗದು.
ನಾಲ್ಕೂವರೆಯ ಕೊಳವೆಗಳಲ್ಲಿ
ಎರ್ಸಿಲಿಯಾಳ ಹಣ್ಣು ಪೇಲವವಾಯಿತು,
ಇನ್ನೂ ಪೇಲವ, ಕಡೆಗೆ ಬರಿ ನೀರಿನ ಹಾಗೆ.
ಕ್ಯಾಪ್ಸೂಲಿನದು ಕೆಂಪಗೇ ಕೂತಿತ್ತು.

ಸುಳ್ಳಿನ ಬಣ್ಣ ಬಯಲಾಗುತ್ತದೆ ಎನ್ನುತ್ತಾರೆ.
ಈ ಮೇಜಿನ ಮೇಲೆ ಅದು ತಿರುಗುಮುರುಗು:
ಬಣ್ಣ ಬಿಟ್ಟುಕೊಡುವುದು ನಿಜ,
ಬಿಡದೆ ಕಚ್ಚಿಕೊಂಡದ್ದು ಯಾವುದೋ ಕಾರ್ಖಾನೆಯ ರಂಗು.

ಬಾಗಿಲಲ್ಲಿ ನಿಂತವಳು
ತನ್ನ ಕೊಳವೆ ಬಿಳಿಚಿಕೊಂಡದ್ದನ್ನೇ ನೋಡಿದಳು.
“ಹೋಯಿತಲ್ಲ. ಸೋತೆನಾ?”
ವಿವರಿಸಲು ಹೊರಟೆ. ತರಂಗಾಂತರ, ಐನೂರಿಪ್ಪತ್ತು,
ಅಲ್ಲೇ ತಡವರಿಸಿದೆ.
ಕೈ ಹಿಡಿದು ಸಿಂಕಿಗೆ ಕರೆದೊಯ್ದು ಸೋಪು ಕೊಟ್ಟೆ:
ಬೆರಳ ಕಡುಗೆಂಪು ನೊರೆಯೊಳಗೆ ನೀಲಿಗೆ ತಿರುಗಿತು.
“ನೋಡಿ, ನಿಜದ ಹಣ್ಣು ಹೀಗೆ ಬದಲಾಗುತ್ತದೆ.”

“ಅದು ಗೊತ್ತು,” ಅಂದಳು,
“ಐವತ್ತು ವರ್ಷದಿಂದ ಕೈ ತೊಳೆಯುತ್ತಿದ್ದೇನೆ.
ಠಸ್ಸೆ ಹಾಕಿದ ಕಾಗದ ಕೊಡು.
ನಾಲ್ಕಕ್ಕೆ ಬಸ್ಸು.”